ದೊಡ್ಡತ್ತೆ, ಆ ಆನೆ ಕುಣೀತಿರ್ಲಿಲ್ಲ

ದೊಡ್ಡತ್ತೆ, ನೀವು ನಿನ್ನೆ ರಾತ್ರಿ ಗ್ರೂಪಲ್ಲಿ ಹಾಕಿದ್ದು ಈಗಷ್ಟೇ ಕೇಳಿದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ ಅಂತ ವಾಯ್ಸಲ್ಲೇ ಹೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಕೇಳಿ. ಮೊಮ್ಮಕ್ಕಳನ್ನ ಕರ್ಕೊಂಡು ಎಷ್ಟೋ ವರ್ಷ ಆದ್ಮೇಲೆ ಝೂಗೆ ಹೋದ್ರಿ. ಆನೆ ಇಲ್ಲ, ಕರಡಿ ಬೋನು ಕಿತ್ತುಹಾಕಿದಾರೆ, ಹುಲಿ ಮುಂದೆ ಅರ್ಧ ಗಂಟೆ ನಿಂತ್ರೂ ಬಾಲದ ತುದಿ ಬಿಟ್ಟು ಇನ್ನೇನೂ ಕಾಣ್ಲಿಲ್ಲ. ಮೊದಲಿದ್ದ ಝೂನೇ ಚೆನ್ನಾಗಿತ್ತು ಅಂದ್ರಿ, ಚಿಕ್ಕಪ್ಪನೂ ಹೌದು ಅಂದ್ರು. ಮಕ್ಕಳು ಮುಖ ಸಣ್ಣ ಮಾಡ್ಕೊಂಡು ವಾಪಸ್ ಬಂದ್ರು ಅಂತ ಕೇಳಿ ನಂಗೂ ಬೇಜಾರಾಯ್ತು. ಆದ್ರೆ ಆ ಮೊದಲಿದ್ದ ಝೂ ಬಗ್ಗೆ ನಾನು ಮಾತಾಡ್ಲೇಬೇಕು.

ನೆನಪಿದ್ಯಾ ಅತ್ತೆ, ಆನೆ ಲಾಯದ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸ್ತಿದ್ರಿ. ಅದು ನಿಂತಲ್ಲೇ ನಿಂತು ತಲೇನ ಆ ಕಡೆ ಈ ಕಡೆ ತೂಗ್ತಾ ಇರೋದು, ಮುಂಗಾಲು ಎತ್ತೋದು, ಇಡೋದು, ಮತ್ತೆ ಎತ್ತೋದು. 'ನೋಡ್ರೋ, ಕುಣೀತಿದೆ' ಅಂತ ತಾತ ಅನ್ನೋರು, ನಾವೆಲ್ಲ ಚಪ್ಪಾಳೆ ಹೊಡೀತಿದ್ವಿ. ಅತ್ತೆ, ಅದು ಕುಣೀತಿರ್ಲಿಲ್ಲ. ನಾನು ಎರಡು ವರ್ಷ ಭಾನುವಾರ ಭಾನುವಾರ ಅಲ್ಲಿ ವಾಲಂಟಿಯರ್ ಆಗಿದ್ನಲ್ಲ, ಆಗ ಅಲ್ಲಿನ ಡಾಕ್ಟರ್ ಒಬ್ಬರು ಬಿಡಿಸಿ ಹೇಳಿದ್ರು. ಕಾಡಲ್ಲಿ ಆನೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಡೀತಾ, ಮೇಯ್ತಾ ಇರುತ್ತೆ. ಅಂಥದ್ದನ್ನ ಸಿಮೆಂಟ್ ನೆಲದ ಮೇಲೆ, ಕಾಲಿಗೆ ಸರಪಳಿ ಹಾಕಿ, ಒಂಟಿಯಾಗಿ ನಿಲ್ಲಿಸಿದ್ರೆ ಅದರ ಮೈಗೂ ಮನಸ್ಸಿಗೂ ಮಾಡೋಕೆ ಏನೂ ಉಳಿಯಲ್ಲ. ಅದಕ್ಕೇ ಆ ತೂಗಾಟ. ಕರಡೀದೂ ಅದೇ ಕಥೆ. ಆ ಕಡೆಗೆ ಎಂಟು ಹೆಜ್ಜೆ, ಈ ಕಡೆಗೆ ಎಂಟು ಹೆಜ್ಜೆ. ಅದು ತಿರುಗ್ತಿದ್ದ ಜಾಗದಲ್ಲಿ ನೆಲ ಸವೆದು ನುಣ್ಣಗಾಗಿತ್ತು. ಇದು ಗೊತ್ತಾದ ದಿನ ನಾನು ಮನೆಗೆ ಬಂದು ಊಟ ಮಾಡ್ಲಿಲ್ಲ. ತಾತನ್ನ ದೂರ್ತಿಲ್ಲ, ಆಗ ಯಾರಿಗೂ ಗೊತ್ತಿರ್ಲಿಲ್ಲ. ಆದ್ರೆ ಈಗ ನಮಗೆ ಗೊತ್ತಲ್ವಾ.

ಇದು ನಮ್ಮೊಬ್ಬರ ಝೂ ವಿಷಯ ಅಲ್ಲ. ಯೂರೋಪಿನ ಝೂಗಳ ಆನೆಗಳ ಲೆಕ್ಕ ಹಿಡಿದು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಝೂನಲ್ಲೇ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಾಂಕ ಆಯಸ್ಸು, ಅಂದ್ರೆ ಅರ್ಧದಷ್ಟು ಆನೆಗಳು ಸತ್ತಿರೋ ಹೊತ್ತಿಗಿನ ವಯಸ್ಸು, 18.9 ವರ್ಷ. ಬರ್ಮಾದಲ್ಲಿ ಮರದ ದಿಮ್ಮಿ ಎಳೆಯೋ ಆನೆಗಳದ್ದು 41.7. ದಿಮ್ಮಿ ಎಳೆದು ದುಡಿಯೋ ಆನೆ ಎರಡರಷ್ಟು ಬದುಕುತ್ತೆ ಅತ್ತೆ! ಲಂಡನ್ ಝೂ ಹೆಚ್ಚೂಕಡಿಮೆ ನೂರ ಎಪ್ಪತ್ತು ವರ್ಷ ಆನೆ ಸಾಕಿ, 2001ರಲ್ಲಿ ಅವನ್ನ ಊರಾಚೆಯ ವಿಪ್ಸ್‌ನೇಡ್ ಝೂಗೆ ಕಳಿಸ್ತು. ಟೊರೊಂಟೊ ಝೂ 2013ರಲ್ಲಿ ತನ್ನ ಮೂರು ಆನೆಗಳನ್ನ ಲಾರಿಯಲ್ಲಿ ಕ್ಯಾಲಿಫೋರ್ನಿಯಾದ ಆಶ್ರಯಧಾಮಕ್ಕೆ ಕಳಿಸ್ತು.

ನಮ್ಮ ಆನೇನೂ ಹಾಗೇ ಕಳಿಸಿದ್ದು. ಸತ್ತುಹೋಯ್ತೇನೋ ಅಂದ್ರಲ್ಲ ನೀವು, ಇಲ್ಲ ಅತ್ತೆ. ಬೇರೆ ಆನೆಗಳಿರೋ, ಮಣ್ಣಿನ ನೆಲದ ದೊಡ್ಡ ಜಾಗದಲ್ಲಿದೆ. ಕಳಿಸೋಕೆ ಮುಂಚೆ ಅದರ ಲಾಯದ ಪಕ್ಕದಲ್ಲೇ ಕಬ್ಬಿಣದ ಪೆಟ್ಟಿಗೆ ತಂದಿಟ್ಟು, ವಾರಗಟ್ಟಲೆ ಮೇವನ್ನ ಅದರೊಳಗೇ ಹಾಕ್ತಿದ್ರು, ಪೆಟ್ಟಿಗೆ ಅಂದ್ರೆ ಹೆದರಬಾರದು ಅಂತ. ಅದನ್ನ ನೋಡ್ಕೊಳ್ತಿದ್ದೋರು ಜೊತೆಗೇ ಹೋಗಿ, ಹೊಸ ಜಾಗಕ್ಕೆ ಹೊಂದೋ ತನಕ ಅಲ್ಲೇ ಇದ್ರು. ಇಳಿದ ದಿನವೇ ಸೊಂಡಿಲಲ್ಲಿ ಮಣ್ಣೆತ್ತಿ ಬೆನ್ನ ಮೇಲೆ ಎರಚಿಕೊಂಡ್ತಂತೆ. ನಂಗೆ ಇದನ್ನ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಇನ್ನು ಹುಲಿ. ಹುಲಿ ಕಾಣ್ಲಿಲ್ಲ ಅಂತ ಕಾಸು ದಂಡ ಆಯ್ತು ಅಂದ್ಕೋಬೇಡಿ. ನೀವು ಹೋಗಿದ್ದು ಮಟಮಟ ಮಧ್ಯಾಹ್ನ. ಆ ಹೊತ್ತಲ್ಲಿ ಕಾಡಿನ ಹುಲೀನೂ ನೆರಳಲ್ಲಿ ಮಲಗಿರುತ್ತೆ. ಮೊದಲು ಅದಕ್ಕೆ ಅಡಗೋಕೆ ಒಂದು ಪೊದೆಯೂ ಇರ್ಲಿಲ್ಲ. ಬೆಳಗಿಂದ ಸಂಜೆ ತನಕ ಸಾವಿರ ಜನ ಕೂಗೋದು, ಕಡ್ಲೆಕಾಯಿ ಎಸೆಯೋದು, ಸಹಿಸ್ಕೊಂಡು ಕಣ್ಣೆದುರಿಗೇ ಬಿದ್ದಿರ್ಬೇಕಿತ್ತು. ಈಗ ಬೇಡ ಅನ್ಸಿದ್ರೆ ಎದ್ದು ಬಿದಿರ ಹಿಂದಕ್ಕೆ ಹೋಗುತ್ತೆ. ಅಷ್ಟು ಸ್ವಾತಂತ್ರ್ಯ ಅದಕ್ಕೆ ಸಿಕ್ಕಿದ್ದು ನಂಗಂತೂ ತುಂಬಾ ದೊಡ್ಡದು.

ಚಿಕ್ಕಪ್ಪ ಕೇಳಿದ್ರಲ್ಲ, ಕಂಬಿ ತೆಗೆದು ಬರೀ ಕಂದಕ ಬಿಟ್ಟಿದಾರೆ, ಹಾರಿ ಬಂದ್ರೆ ಏನು ಗತಿ ಅಂತ. ಚಿಕ್ಕಪ್ಪ, ಕಂದಕ ಹೊಸದಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾರ್ಲ್ ಹಾಗೆನ್‌ಬೆಕ್ ಅನ್ನೋ ಪ್ರಾಣಿ ವ್ಯಾಪಾರಿ 1907ರಲ್ಲೇ ಕಂಬಿಯಿಲ್ಲದ ಝೂ ತೆರೆದಿದ್ದ. ಯಾವ ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ಹಾರುತ್ತೆ ಅಂತ ನೋಡ್ಕೊಂಡೇ ಕಂದಕದ ಅಳತೆ ಇಡ್ತಾರೆ.

ಚೆಂದ ಕಾಣೋದು ಬೇರೆ, ಪ್ರಾಣಿಗೆ ಹಿತ ಆಗೋದು ಬೇರೆ ಅನ್ನೋದಕ್ಕೆ ಇನ್ನೊಂದು ಹೇಳ್ತೀನಿ. ಲಂಡನ್ ಝೂನಲ್ಲಿ 1934ರಲ್ಲಿ ಪೆಂಗ್ವಿನ್‌ಗಳಿಗೆ ಒಂದು ಕೊಳ ಕಟ್ಟಿದ್ರು. ಬಿಳೀ ಕಾಂಕ್ರೀಟಿನ ಎರಡು ಇಳಿಜಾರು, ಒಂದಕ್ಕೊಂದು ಸುತ್ತಿಕೊಂಡು ನೀರಿನ ಮೇಲೆ ತೇಲ್ತಿರೋ ಹಾಗೆ. ಫೋಟೋದಲ್ಲಿ ನೋಡಿದ್ರೂ ಮನಸ್ಸು ತುಂಬುತ್ತೆ. ಆದ್ರೆ ಆ ಗಟ್ಟಿ ನೆಲದಲ್ಲಿ ನಡೆದೂ ನಡೆದೂ ಹಕ್ಕಿಗಳ ಪಾದಕ್ಕೆ ಸೋಂಕು. 2004ರಲ್ಲಿ ಪೆಂಗ್ವಿನ್‌ಗಳನ್ನ ಅಲ್ಲಿಂದ ಬೇರೆ ಕಡೆಗೆ ಸಾಗಿಸಿದ್ರು, ಮತ್ತೆ ಅಲ್ಲಿಗೆ ತರ್ಲಿಲ್ಲ. ಕಟ್ಟಡ ಸಂರಕ್ಷಿತ ಸ್ಮಾರಕ, ಹಾಗೇ ನಿಂತಿದೆ, ಒಳಗೆ ಪೆಂಗ್ವಿನ್ ಇಲ್ಲ.

ಪ್ರಾಣಿಗಳ ಜಾತಿ ಕಡಿಮೆ ಆಗಿದೆ ಅನ್ನೋದೂ ನಿಜ. ಮೊದಲು ಸ್ಟಾಂಪ್ ಆಲ್ಬಮ್ಮಿನ ಹಾಗೆ ಒಂದೊಂದು ಜಾತೀದು ಒಂದೊಂದು. ಈಗ ಜಾತಿ ಕಡಿಮೆ, ಹಿಂಡು ದೊಡ್ಡದು. ಹಿಂಡಿದ್ರೇ ತಾನೇ ಮರಿ, ಮರಿಯಾದ್ರೇ ತಾನೇ ಮುಂದೆ ಕಾಡಿಗೆ ಬಿಡೋ ಮಾತು. ಅರೇಬಿಯನ್ ಓರಿಕ್ಸ್ ಅಂತ ಒಂದು ಬಿಳೀ ಜಿಂಕೆಯಂಥ ಪ್ರಾಣಿ, 1972ರ ಹೊತ್ತಿಗೆ ಮರುಭೂಮಿಯಲ್ಲಿ ಒಂದೂ ಉಳಿದಿರ್ಲಿಲ್ಲ. ಝೂಗಳಲ್ಲಿ ಹಿಂಡು ಬೆಳೆಸಿದ್ದಕ್ಕೆ 1982ರಲ್ಲಿ ಒಮಾನ್‌ನಲ್ಲಿ ಮತ್ತೆ ಬಯಲಿಗೆ ಬಿಡೋಕಾಯ್ತು.

ಆದ್ರೆ ಅತ್ತೆ, ಒಂದು ವಿಷಯದಲ್ಲಿ ನಿಮ್ಮ ಸಿಟ್ಟು ಪೂರ್ತಿ ಸರಿ. 'ಆನೆ ಎಲ್ಲಿ' ಅಂತ ಮಗು ಕೇಳ್ತು, ಖಾಲಿ ಲಾಯದ ಹತ್ರ ಒಂದು ಬೋರ್ಡೂ ಇಲ್ಲ, ಹೇಳೋರೂ ಇಲ್ಲ. ಇದು ತಪ್ಪು. ಅಷ್ಟು ವರ್ಷ ನಮ್ಮ ಮಕ್ಕಳ ಮುಂದೆ ನಿಂತ ಪ್ರಾಣಿ ಎಲ್ಲಿಗೆ ಹೋಯ್ತು, ಯಾಕೆ ಹೋಯ್ತು ಅಂತ ಫೋಟೋ ಸಮೇತ ಹಾಕ್ಬೇಕು. ಕೂರೋಕೆ ಬೆಂಚೂ ಸಾಲ್ದು. ವಯಸ್ಸಾದೋರು ಹುಲಿಗೆ ಕಾಯ್ಬೇಕು ಅಂದ್ರೆ ಎಷ್ಟು ಹೊತ್ತು ನಿಲ್ಲೋಕಾಗುತ್ತೆ? ನಾನು ಎರಡನ್ನೂ ಬರೆದು ಕೊಡ್ತಿದೀನಿ, ನೀವು ಚಿಕ್ಕಪ್ಪ ಇಬ್ರೂ ಸಹಿ ಹಾಕಿ.

ಮುಂದಿನ ಭಾನುವಾರ ಮಕ್ಕಳನ್ನ ನಂಜೊತೆ ಕಳಿಸಿ, ನೀವೂ ಬನ್ನಿ. ಗೇಟ್ ತೆಗೆಯೋ ಹೊತ್ತಿಗೇ ಹೋಗೋಣ, ಬಿಸಿಲೇರೋಕೆ ಮುಂಚೆ ಹುಲಿ ನೀರಿಗೆ ಇಳಿಯುತ್ತೆ. ಎಲ್ಲ ಸುತ್ತೋದು ಬೇಡ, ಅದೊಂದರ ಮುಂದೇ ಕೂರೋಣ. ನಿಮ್ಮ ಮೊಣಕಾಲಿಗೆ ಮಡಚೋ ಸ್ಟೂಲ್ ನಾನು ತರ್ತೀನಿ. ಆನೇದು ಹೊಸ ಜಾಗದ ಫೋಟೋ ನನ್ನ ಫೋನಲ್ಲಿದೆ, ಮಗುಗೆ ಅಲ್ಲೇ ತೋರಿಸ್ತೀನಿ.