ಬೇಲಿ ಹಿಂದಿನ ಲಂಟಾನ ಕಿತ್ತು ಹಾಕಬಹುದಾ? (ಬಿಡ್ಜಿಗಲ್ ರಿಸರ್ವ್, ಸಿಡ್ನಿ)

ಬಾಲ್ಕಮ್ ಹಿಲ್ಸ್ ಹೊಸಬ:
ನಮಸ್ಕಾರ. ಇಲ್ಲಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದೇವೆ. ಹಿತ್ತಲ ಬೇಲಿ ದಾಟಿದರೆ ಬಿಡ್ಜಿಗಲ್ ರಿಸರ್ವ್ ಕಾಡು, ಕೆಳಗೆ ಡಾರ್ಲಿಂಗ್ ಮಿಲ್ಸ್ ಕ್ರೀಕ್ ಅನ್ನೋ ಹಳ್ಳ. ಬೇಲಿಯುದ್ದಕ್ಕೂ ಎದೆಮಟ್ಟ ಲಂಟಾನ. ಊರಲ್ಲೂ ಇದೇ ಕಾಟ, ಇಲ್ಲೂ ಅದೇ! ಒಂದು ಶನಿವಾರ ಎಲ್ಲಾ ಕಿತ್ತುಬಿಡೋಣ ಅಂತಿದ್ದೇನೆ. ಯಾರನ್ನಾದರೂ ಕೇಳಬೇಕಾ? ಇನ್ನೊಂದು, ಆ ಪೊದೆಯೊಳಗಿಂದ ಬೆಳಿಗ್ಗೆ ಚಾಟಿ ಬೀಸಿದ ಹಾಗೆ ಸದ್ದು ಬರುತ್ತದೆ. ಏನದು?

ಕ್ರೀಕ್ ಅಕ್ಕ:
ಸ್ವಲ್ಪ ತಡೀರಿ! ಆ ಸದ್ದು ವಿಪ್‌ಬರ್ಡ್ ಹಕ್ಕಿಯದು. ಗಂಡು ಉದ್ದಕ್ಕೆ ಸಿಳ್ಳೆ ಎಳೆದು ಕೊನೆಗೆ 'ಛಟೀರ್' ಅನ್ನಿಸುತ್ತದೆ. ಹೆಣ್ಣು ತಕ್ಷಣ 'ಚ್ಯೂ ಚ್ಯೂ' ಅಂತ ಉತ್ತರ ಕೊಡುತ್ತದೆ. ಎರಡೂ ಸೇರಿ ಒಂದೇ ಹಕ್ಕಿಯ ಕೂಗು ಅನ್ನಿಸಬೇಕು, ಅಷ್ಟು ಬೇಗ. ಕಡು ಹಸಿರು ಮೈ, ಬಿಳಿ ಕೆನ್ನೆ, ತಲೆ ಮೇಲೆ ಜುಟ್ಟು. ಕಣ್ಣಿಗೆ ಬೀಳುವುದು ಅಪರೂಪ. ದಟ್ಟ ಪೊದೆ ಬಿಟ್ಟು ಬರುವುದೇ ಇಲ್ಲ. ಪುಟ್ಟ ಫೇರಿ ರೆನ್ ಹಕ್ಕಿಗಳಿಗೂ ಪೊದೆ ಬೇಕು. ಇಲ್ಲಿನ ಸ್ವಂತ ಪೊದೆಗಳು ಹೋದ ಕಡೆ ಸದ್ಯಕ್ಕೆ ಲಂಟಾನವೇ ಅವುಗಳ ಮನೆ. ಒಂದೇ ದಿನ ಬೋಳಿಸಿದರೆ ಬೆಕ್ಕಿನ ಬಾಯಿಗೆ, ಅಷ್ಟೇ.

ಬೋಳಾದ ನೆಲ ಹಾಗೇ ಇರುವುದೂ ಇಲ್ಲ. ಪ್ರಿವೆಟ್, ಟ್ರಾಡಸ್ಕಾಂಶಿಯಾದಂಥ ಬೇರೆ ಕಳೆಗಳು ಬಂದು ಹಬ್ಬುತ್ತವೆ. ಇದು ಹಾಕ್ಸ್‌ಬರಿ ಮರಳುಗಲ್ಲಿನ ನೆಲ, ರಂಜಕ (ಫಾಸ್ಫರಸ್) ತೀರಾ ಕಮ್ಮಿ. ಬ್ಯಾಂಕ್ಸಿಯಾದಂಥ ಇಲ್ಲಿನ ಗಿಡಗಳಿಗೆ ಅದೇ ಒಗ್ಗಿದೆ. ನಾವು ಹುಲ್ಲುಹಾಸಿಗೆ ಸುರಿದ ಗೊಬ್ಬರ, ನಾಯಿ ಕಕ್ಕ, ಎಲ್ಲಾ ಮಳೆನೀರಿನ ಜೊತೆ ಕ್ರೀಕ್‌ಗೆ ಇಳಿಯುತ್ತದೆ. ಕಳೆ ಕೊಬ್ಬುತ್ತದೆ.

1960ರ ದಶಕದಲ್ಲಿ ಸಿಡ್ನಿಯದೇ ಬಡಾವಣೆ ಮೋಸ್ಮನ್‌ನಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಅಂತ ಅಕ್ಕತಂಗಿ ಕೈಯಲ್ಲೇ ಕಳೆ ತೆಗೆದು ಒಂದು ಕ್ರಮ ಕಂಡುಕೊಂಡರು. ಚೆನ್ನಾಗಿರುವ ಕಾಡಿನ ಕಡೆಯಿಂದ ಶುರುಮಾಡಿ. ಮಣ್ಣು ಆದಷ್ಟು ಕೆದಕಬೇಡಿ. ತೆರವಾದ ಜಾಗವನ್ನು ಇಲ್ಲಿನ ಗಿಡಗಳು ತುಂಬಿಕೊಂಡ ಮೇಲೇ ಮುಂದಕ್ಕೆ ಹೋಗಿ. ಹೊಸಬರೆಲ್ಲ ಕೆಟ್ಟ ಕಡೆಗೇ ನುಗ್ಗುತ್ತಾರೆ. ಅಲ್ಲಿ ಕಿತ್ತಿದ್ದು ಎದ್ದು ಕಾಣುತ್ತದೆ, ಅಲ್ವಾ!

ಬೇಲಿಯಾಚೆ ಸಾರ್ವಜನಿಕ ಜಾಗ. ಕೌನ್ಸಿಲ್ ಅನ್ನು ಕೇಳದೆ ಕೈ ಹಾಕಬೇಡಿ. ಕಾಡಿನ ಕಳೆ ತೆಗೆಯುವ ಸ್ವಯಂಸೇವಕರ ಬುಷ್‌ಕೇರ್ ಗುಂಪು ಸೇರಿಕೊಳ್ಳಿ.

ಕೊಳ್ಳೇಗಾಲದವ:
ಅಕ್ಕ, ನಮ್ಮ ಕಡೆ ಲಂಟಾನಕ್ಕೆ ಇಷ್ಟು ಮರ್ಯಾದೆ ಇಲ್ಲ! ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯಲ್ಲಿ ಕುರ್ಚಿ ಮಾಡುತ್ತಾರೆ, ದೊಡ್ಡ ದೊಡ್ಡ ಆನೆಗಳನ್ನೂ. ಕೊಯ್ದಿದ್ದನ್ನು ಮನೆಗೆ ತರಬಹುದಾ?

ಕ್ರೀಕ್ ಅಕ್ಕ:
ಬೇಡ ಸರ್. ದಾರಿಯುದ್ದಕ್ಕೂ ಹಣ್ಣು ಉದುರುತ್ತದೆ. ಹಸಿ ಕಾಂಡ ಮಣ್ಣಿಗೆ ತಾಗಿದರೆ ಬೇರು ಬಿಡುತ್ತದೆ. ನಾವು ಅಲ್ಲೇ ನೆಲಕ್ಕೆ ತಾಗದಂತೆ ಒಟ್ಟಿ ಒಣಗಿಸುತ್ತೇವೆ. ರೆನ್‌ಗಳು ಆ ಒಟ್ಟಿಲೊಳಗೂ ನುಗ್ಗುತ್ತವೆ.

ಎಪ್ಪಿಂಗ್ ವಾಸಿ:
ಉಣುಗಿನ ಬಗ್ಗೆ ಯಾರೂ ಹೇಳಲಿಲ್ಲ! ಸಿಡ್ನಿ ಪೊದೆಗಳಲ್ಲಿ ಪ್ಯಾರಾಲಿಸಿಸ್ ಟಿಕ್ ಇರುತ್ತದೆ. ಕಚ್ಚಿದರೆ ಚಿಮುಟದಲ್ಲಿ ಎಳೆಯಬೇಡಿ. ಫಾರ್ಮಸಿಯಲ್ಲಿ ಸಿಗುವ ಈಥರ್ ಸ್ಪ್ರೇ ಹೊಡೆದು ಅಲ್ಲೇ ಸಾಯಿಸಿ. ಕೆಲವರಿಗೆ ಅದು ಕಚ್ಚಿದ ಮೇಲೆ ಮಾಂಸದ ಅಲರ್ಜಿ ಬರುತ್ತದೆ. ಸಸ್ಯಾಹಾರಿಗಳು ಜಾಸ್ತಿ ಖುಷಿಪಡಬೇಡಿ, ಕೆಲವರಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್‌ ಕೂಡ ಆಗುವುದಿಲ್ಲ.

ಬಾಲ್ಕಮ್ ಹಿಲ್ಸ್ ಹೊಸಬ:
ಶನಿವಾರದ ಪ್ಲಾನ್ ಕ್ಯಾನ್ಸಲ್. ಬೇಲಿಯ ಈಚೆಗೆ ಬಂದ ಸಸಿಗಳನ್ನಾದರೂ ಕೀಳಬಹುದಲ್ವಾ?

ಕ್ರೀಕ್ ಅಕ್ಕ:
ಧಾರಾಳವಾಗಿ. ಮಳೆ ಬಂದ ಮಾರನೇ ದಿನ ಕೀಳಿ, ಬೇರು ಸಮೇತ ಸಲೀಸಾಗಿ ಬರುತ್ತದೆ. ಕೈಗವಸು ಮರೆಯಬೇಡಿ, ಕಾಂಡದಲ್ಲಿ ಮುಳ್ಳಿದೆ.