ಮೊಣಕಾಲು ಆಪರೇಷನ್ ಆಗಿದೆ, ಈಜೋ ಫಿಟ್ನೆಸ್ ಉಳಿಸ್ಕೊಳ್ಳೋದು ಹೇಗೆ?

ಮೈಸೂರು_ಈಜು:
ಎಲ್ರಿಗೂ ನಮಸ್ಕಾರ. ನಂಗೆ 41 ವರ್ಷ, ಹೋದ ವಾರ ಬಲ ಮೊಣಕಾಲಿಗೆ ಆರ್ಥ್ರೋಸ್ಕೋಪಿ (ಸಣ್ಣ ತೂತಿಂದ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್) ಆಯ್ತು. ಮೆನಿಸ್ಕಸ್, ಅಂದ್ರೆ ಮೊಣಕಾಲೊಳಗಿನ ಮೆತ್ತೆ ಥರದ ಮೃದ್ವಸ್ಥಿ, ಹರಿದಿತ್ತು, ಕತ್ತರಿಸಿ ತೆಗೀದೆ ಹೊಲಿಗೆ ಹಾಕಿದಾರೆ. ಈಗ ಬ್ರೇಸ್ ಹಾಕ್ಕೊಂಡು ಊರುಗೋಲಲ್ಲಿ ಓಡಾಟ, ಆರು ವಾರ ಆ ಕಾಲು ಊರೋ ಹಾಗಿಲ್ಲ. ದಿನಾ ಬೆಳಿಗ್ಗೆ ಪೂಲಿಗೆ ಹೋಗಿ ಅಭ್ಯಾಸ, ಮಾಸ್ಟರ್ಸ್ ಮೀಟಲ್ಲಿ (ವಯಸ್ಕರ ಈಜು ಸ್ಪರ್ಧೆ) ಬ್ರೆಸ್ಟ್‌ಸ್ಟ್ರೋಕೇ ನನ್ನ ಇವೆಂಟು, ಈಗ ಮನೇಲಿ ಕೂತ್ರೆ ದಮ್ಮೆಲ್ಲ ಹೋಗ್ಬಿಡುತ್ತೇನೋ ಅಂತ ನಿದ್ದೆ ಬರ್ತಿಲ್ಲ. ನೀರಿಗಿಳಿಯೋವರೆಗೂ ಏನು ಮಾಡ್ಬಹುದು? ಇದೇ ಆಪರೇಷನ್ ಆಗಿ ವಾಪಸ್ ಈಜಿದೋರು ಯಾರಾದ್ರೂ ಇದೀರಾ?

ಧಾರವಾಡ_ಫಿಸಿಯೊ:
ಸರ್, ಮೆನಿಸ್ಕಸ್ ಕತ್ತರಿಸಿ ತಗದವ್ರು ಲಗೂನ ವಾಪಸ್ ಹೋಗ್ತಾರ, ಹೊಲಿಗಿ ಹಾಕಿದವ್ರದು ತಡಾ ಆಗ್ತದ, ಯಾಕಂದ್ರ ಅಲ್ಲಿ ರಕ್ತ ಹರಿಯೂದ ಕಡಿಮಿ, ಕೂಡಾಕ ಟೈಮ್ ಬೇಕು. ಹಿಂಗಾಗಿ ಯಾರೋ ಒಂದ್ ತಿಂಗಳದಾಗ ಈಜಿದ್ರು ಅಂದ್ರ ಅವ್ರಿಗೆ ಯಾವ ಆಪರೇಷನ್ ಆಗಿತ್ತು ಅಂತ ಮೊದ್ಲು ಕೇಳ್ರಿ. ಎರಡ್ ವಾರ ಪೂರಾ ಸುಮ್ನ ಕುಂತ್ರ ದಮ್ಮು ಇಳಿಯಾಕ ಶುರು ಆಗ್ತದ ಖರೆ, ಕೈ ಬೆನ್ನಿನ ತಾಕತ್ತು ಅಷ್ಟು ಲಗೂನ ಹೋಗೂದಿಲ್ಲ. ಆದ್ರ ಆಪರೇಷನ್ ಆದ ಕಾಲಿನ ತೊಡಿ ಭಾಳ ಜಲ್ದಿ ಸೊರಗ್ತದ. ಕಾಲು ಚಾಚಿ ತೊಡಿ ಬಿಗಿ ಹಿಡಿಯೂದು, ಬ್ರೇಸ್ ಹಾಕ್ಕೊಂಡ ಕಾಲು ನೆಟ್ಟಗ ಮ್ಯಾಲೆತ್ತೂದು ನಿಮ್ಮ ಫಿಸಿಯೊ ಹೇಳಿಕೊಟ್ಟಿರ್ತಾರ, ಬ್ಯಾಸರಾದ್ರೂ ಒಂದ್ ದಿನಾನೂ ಬಿಡಬ್ಯಾಡ್ರಿ. ಎಡಗಾಲಿಗೂ ಕೆಲಸ ಕೊಡ್ರಿ, ಒಂದ್ ಬದಿ ಕಾಲಿಗೆ ತಾಲೀಮು ಕೊಟ್ರ ನರಗಳ ಮೂಲಕ ಇನ್ನೊಂದ್ ಬದಿ ಶಕ್ತಿನೂ ಸ್ವಲ್ಪ ಉಳೀತದ. ಮತ್ತ ಮೀನಖಂಡ ಬಾತು ನೋವು ಬಂದ್ರ ಅವತ್ತ ಡಾಕ್ಟರ್ ಕಡೆ ಹೋಗ್ರಿ, ರಕ್ತ ಹೆಪ್ಪುಗಟ್ಟಿರಬಹುದು, ನಾಳೆ ನೋಡೋಣ ಅನ್ನೂ ವಿಷಯ ಅಲ್ಲ ಅದು.

ಜಯನಗರ_ಲೇನ್4:
ನಂಗೂ ಹೊಲಿಗೆನೇ ಆಗಿತ್ತು, ಎಡಗಾಲು. ನನ್ನನ್ನ ಕಾಪಾಡಿದ್ದು ಸ್ಟ್ರೆಚ್ ಕಾರ್ಡ್, ಅದೇ ಎರಡು ಹಿಡಿ ಇರೋ ಉದ್ದದ ರಬ್ಬರ್ ಟ್ಯೂಬ್. ಗಟ್ಟಿ ಕಂಬಕ್ಕೆ ಕಟ್ಟಿ, ಬೆಂಚ್ ಮೇಲೆ ಬೋರಲು ಮಲ್ಕೊಂಡು ಫ್ರೀಸ್ಟೈಲ್ ಥರಾನೇ ಎಳೀಬೇಕು, ಮೊಣಕೈ ಮೇಲೇ ಇರ್ಬೇಕು ಕೆಳಗೆ ಬೀಳಬಾರ್ದು. 40 ಸೆಕೆಂಡ್ ಎಳೆಯೋದು 20 ಸೆಕೆಂಡ್ ರೆಸ್ಟು, ಇದನ್ನೇ ಹತ್ತು ಸಲ ಮಾಡಿದ್ರೆ ಪೂಲಲ್ಲಿ ಸೆಟ್ ಹೊಡ್ದಷ್ಟೇ ಏದುಸಿರು ಬರುತ್ತೆ. ಮೊದಮೊದ್ಲು ಬೋರಲು ಮಲಗೋಕೆ ಕಷ್ಟ ಆದ್ರೆ ಕುರ್ಚೀಲಿ ಕೂತೇ ಮಾಡಿ. ಜಿಮ್ಮಲ್ಲಿ ಕೈಯಲ್ಲಿ ತುಳಿಯೋ ಸೈಕಲ್ ಇದ್ರೆ ಅದೂ ಒಳ್ಳೇದು, ಆದ್ರೆ ವಾಚಲ್ಲಿ ಹಾರ್ಟ್ ರೇಟ್ ಓಡೋವಾಗಿನಷ್ಟು ಏರಲ್ಲ, ಕೈ ಸ್ನಾಯು ಚಿಕ್ಕದಲ್ವಾ, ಅದಕ್ಕೆ ನಂಬರ್ ನೋಡ್ದೆ ಎಷ್ಟು ದಣಿದ್ರಿ ಅಂತ ನೋಡ್ಕೊಳ್ಳಿ. ಊರುಗೋಲು ಹಿಡಿದು ಭುಜ ಮೊದಲೇ ಸೋತಿರುತ್ತೆ, ದಿನ ಬಿಟ್ಟು ದಿನ ಮಾಡಿದ್ರೆ ಸಾಕು.
ಧೈರ್ಯಕ್ಕೆ ಒಂದು ಮಾತು, ಸಜನ್ ಪ್ರಕಾಶ್ ಕುತ್ತಿಗೆ ಡಿಸ್ಕ್ ತೊಂದ್ರೆಯಿಂದ ಒದ್ದಾಡಿ, ಆಮೇಲೆ 2021ರಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈನ 1:56.38ಕ್ಕೆ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ತಗೊಂಡ್ರು, ನಮ್ಮ ದೇಶದಲ್ಲಿ ಹಾಗೆ ಅರ್ಹತೆ ಪಡೆದ ಮೊದಲ ಈಜುಗಾರ ಅವ್ರೇ. ದೇಹಕ್ಕೆ ಟೈಮ್ ಕೊಟ್ರೆ ವಾಪಸ್ ಬರುತ್ತೆ ಸಾರ್.

ಕುಡ್ಲ_ಕೋಚ್:
ನೀರಿಗೆ ಇಳಿಯುವ ಬಗ್ಗೆ ನಾನು ಹೇಳ್ತೇನೆ. ಗಾಯ ಪೂರ್ತಿ ಮುಚ್ಚಿ ಒಣಗಿ, ಡಾಕ್ಟ್ರು ಆಗ್ಬಹುದು ಅಂದ ಮೇಲೆ ಮಾತ್ರ ಪೂಲ್, ಅದಕ್ಕೆ ಮೊದಲು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವುದೆಲ್ಲ ಬೇಡ ಮಾರಾಯ್ರೆ. ಒದ್ದೆ ಟೈಲ್ಸ್ ಮೇಲೆ ಊರುಗೋಲು ಜಾರ್ತದೆ, ಜೊತೆಗೆ ಒಬ್ಬರು ಇರಲಿ, ಮೆಟ್ಟಿಲು ಇರುವ ಪೂಲೇ ನೋಡಿ. ಸುರುವಿಗೆ ತೊಡೆ ನಡುವೆ ಪುಲ್ ಬಾಯ್ (ಕಾಲು ತೇಲಿಸುವ ಫೋಮ್ ತುಂಡು) ಇಟ್ಟು ಬರೀ ಕೈಯಲ್ಲಿ ಫ್ರೀಸ್ಟೈಲ್. ಗೋಡೆಗೆ ಆ ಕಾಲಿಂದ ಒದೆಯುವುದು ಬೇಡ, ಫ್ಲಿಪ್ ಟರ್ನ್ (ನೀರಲ್ಲಿ ಲಾಗ ಹಾಕಿ ಗೋಡೆ ಒದ್ದು ತಿರುಗುವುದು) ಬೇಡ, ಕೈಯಲ್ಲಿ ಮುಟ್ಟಿ ನಿಧಾನ ತಿರುಗಿ. ಆಮೇಲೆ ಸಣ್ಣ ಫ್ಲಟರ್ ಕಿಕ್, ಅಂದ್ರೆ ಕಾಲು ಮೇಲೆ ಕೆಳಗೆ ಬಡಿಯುವುದು, ಫಿನ್ಸ್ (ಕಾಲಿಗೆ ಹಾಕುವ ರಬ್ಬರ್ ರೆಕ್ಕೆ) ಇಲ್ಲದೆ. ಬ್ರೆಸ್ಟ್‌ಸ್ಟ್ರೋಕ್ ಕಿಕ್ ಎಲ್ಲದಕ್ಕಿಂತ ಕೊನೆಗೆ ಉಂಟು, ಅದರಲ್ಲಿ ಮೊಣಕಾಲು ಪೂರ್ತಿ ಮಡಚಿ ಹೊರಗೆ ತಿರುಚಿ ಒದೆಯಬೇಕಲ್ಲ, ಹೊಲಿಗೆಗೆ ಅಷ್ಟು ಕೆಟ್ಟದ್ದು ಬೇರೆ ಇಲ್ಲ. ಎಷ್ಟೋ ತಿಂಗಳು ಹಿಡೀತದೆ. ಈ ಸೀಸನ್ ಫ್ರೀಸ್ಟೈಲಿಗೆ ಹೆಸರು ಕೊಡಿ, ಅದೂ ಡಾಕ್ಟ್ರು ಒಪ್ಪಿದರೆ.

ಮೈಸೂರು_ಈಜು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬ್ರೆಸ್ಟ್‌ಸ್ಟ್ರೋಕ್ ವಿಷಯ ಓದಿ ಬೇಜಾರಾಯ್ತು, ಆದ್ರೆ ಯಾರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ. ಕಾರ್ಡ್ ಆರ್ಡರ್ ಮಾಡ್ದೆ. ಕಿಟಕಿ ಗ್ರಿಲ್‌ಗೆ ಕಟ್ಬಹುದಾ? ಮುಂದಿನ ವಿಸಿಟ್‌ನಲ್ಲಿ ಡಾಕ್ಟ್ರನ್ನ ಏನೇನ್ ಕೇಳ್ಲಿ?

ಜಯನಗರ_ಲೇನ್4:
ಗ್ರಿಲ್ ಗೋಡೆಗೆ ಭದ್ರವಾಗಿ ಕೂತಿದ್ರೆ ಆಗುತ್ತೆ, ಅಂಚು ಚೂಪಿದ್ರೆ ಟ್ಯೂಬ್ ಕತ್ತರಿಸಿ ಮುಖಕ್ಕೇ ಹೊಡಿಯುತ್ತೆ, ಹಳೇ ಟವೆಲ್ ಸುತ್ತಿ ಕಟ್ಟಿ.

ಧಾರವಾಡ_ಫಿಸಿಯೊ:
ಮೊಣಕಾಲು ಎಷ್ಟು ಡಿಗ್ರಿ ತನಕ ಮಡಚಬಹುದು, ಕಾಲಿನ ಮ್ಯಾಲೆ ಭಾರ ಯಾವಾಗಿಂದ, ಪುಲ್ ಬಾಯ್ ಹಾಕ್ಕೊಂಡ ಬರೀ ಕೈಲೆ ಈಜಾಕ ಯಾವ ವಾರದಿಂದ ಅಡ್ಡಿಯಿಲ್ಲ. ಸುಮ್ನ "ಈಜಬಹುದಾ" ಅಂತ ಕೇಳಿದ್ರ ಎಲ್ಲಾ ಡಾಕ್ಟರೂ ಬ್ಯಾಡ ಅಂತಾರ. ಬ್ರೆಸ್ಟ್‌ಸ್ಟ್ರೋಕ್ ಕಿಕ್ ಹೆಂಗಿರ್ತದ ಅಂತ ಫೋನ್‌ನಾಗ ಒಂದ್ ವಿಡಿಯೊ ತೋರಿಸಿ ಕೇಳ್ರಿ.