ಪದಚರ್ಚೆ: ಮರದಂಗಡಿಯ ‘ನೂಲು’ ಎಷ್ಟು ದಪ್ಪ?

ಪ್ರಶ್ನೆ

ಮರಗೆಲಸವನ್ನು ಹವ್ಯಾಸವಾಗಿ ಕಲಿಯುವವರಿಗೆಂದು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ. ಕಡಿಮೆ ದುಡ್ಡಿನಲ್ಲಿ ಹತಾರ, ಹಲಗೆ ಕೊಳ್ಳುವ ಅಧ್ಯಾಯದಲ್ಲಿ ಕೆಲವು ಪದಗಳ ಬಗ್ಗೆ ಸ್ಪಷ್ಟತೆ ಬೇಕಾಗಿದೆ. ಅಂಗಡಿಯವರು ‘ಆರು ನೂಲಿನ ಪ್ಲೈವುಡ್’, ‘ನಾಲ್ಕು ನೂಲಿನ ಉಳಿ’ ಅನ್ನುತ್ತಾರೆ. ಈ ನೂಲು ಮಿಲಿಮೀಟರಿನಲ್ಲಿ ಎಷ್ಟು? ಉತ್ತರ ಕರ್ನಾಟಕದ ‘ಸೂತ’ ಇದೇನಾ? ಇನ್ನು ಕೀಸುಳಿ, ತೋಪಡ, ಹತ್ತರಿ, ರಂದಾ ಇವೆಲ್ಲ ಒಂದೇ ಹತಾರದ ಹೆಸರುಗಳೋ, ಬೇರೆ ಬೇರೆಯೋ? ‘ಚೇಗು’ ಎಂಬ ಮಾತನ್ನು ಕೊಳ್ಳುವವರು ತಿಳಿದಿರಲೇಬೇಕೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು, 3.175 ಮಿಲಿಮೀಟರ್. ಸೂತವೂ ಅಷ್ಟೇ. ತಮಿಳಿನ ನೂಲ್, ಹಿಂದಿಯ ಸೂತ್ ಕೂಡ ದಾರವೆಂಬ ಅರ್ಥದ ಪದಗಳೇ, ಅಳತೆಯೂ ಇದೇ. ಬಡಗಿಗೂ ದಾರಕ್ಕೂ ನಂಟು ಹಳೆಯದು: ಸಂಸ್ಕೃತದ ‘ಸೂತ್ರಧಾರ’ಕ್ಕೆ ಬಡಗಿ ಎಂಬ ಅರ್ಥವೂ ಇದೆ, ಮರಾಠಿಯಲ್ಲಿ ಬಡಗಿಗೆ ‘ಸುತಾರ’ ಎಂದೇ ಹೆಸರು.

ಟೇಪಿನಲ್ಲಿ ಇಂಚನ್ನು 16 ಮನೆ ಮಾಡಿರುತ್ತಾರೆ. ಎರಡು ಮನೆ ಸೇರಿದರೆ ಒಂದು ನೂಲು, ಒಂದೇ ಮನೆಯಾದರೆ ಅರ್ಧ ನೂಲು. ಹೀಗೆ ಎರಡು ನೂಲು ಕಾಲಿಂಚು, ನಾಲ್ಕು ಅರ್ಧ ಇಂಚು, ಆರು ಮುಕ್ಕಾಲು ಇಂಚು. ಇಂಚು ದಾಟಿದ ಮೇಲೆ ‘ಒಂದಿಂಚು ಎರಡು ನೂಲು’ ಎಂದು ಕೂಡಿಸಿ ಹೇಳುವುದು ರೂಢಿ. ಕಂಬಿ ಕಟ್ಟುವವರ ಬಾಯಲ್ಲೂ ಇದೇ ನೂಲು: 10 ಮಿ.ಮೀ. ಕಂಬಿ ಮೂರು ನೂಲು, 12 ಮಿ.ಮೀ. ನಾಲ್ಕು ನೂಲು.

ಈ ಕಂಬಿಯ ಲೆಕ್ಕದಲ್ಲೇ ತೊಡಕು ಕಾಣುತ್ತದೆ ನೋಡಿ. ನಾಲ್ಕು ನೂಲು ಎಂದರೆ 12.7 ಮಿ.ಮೀ., 12 ಅಲ್ಲ. ತೂಕ ಮತ್ತು ಅಳತೆಯ ಮಾನಕಗಳ ಕಾಯ್ದೆ ಬಂದದ್ದು 1956ರಲ್ಲಿ. ಕಾರ್ಖಾನೆಯ ಸರಕು ಮಿಲಿಮೀಟರಿಗೆ ಬಂತು, ಮಾತು ಮಾತ್ರ ಇಂಚು-ನೂಲಿನಲ್ಲೇ ಉಳಿಯಿತು. ಕಂಬಿಗೆ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಮರದ ಜೋಡಣೆಗೆ ನಡೆಯುವುದಿಲ್ಲ. ‘ಆರು ನೂಲಿನ ಪ್ಲೈವುಡ್’ ಎಂದು ಕೊಡುವುದು 18 ಮಿ.ಮೀ. ಹಾಳೆ. ಆರು ನೂಲು ನಿಜಕ್ಕೂ 19.05. ಪುಸ್ತಕದ ಕಪಾಟಿಗೆ ಅಡ್ಡಹಲಗೆ ಕೂರಿಸುವ ಜಾಡನ್ನು ಟೇಪು ಹಿಡಿದು ಆರು ನೂಲಿಗೆ ತೆಗೆದರೆ ಹಲಗೆ ಒಂದು ಮಿಲಿಮೀಟರ್ ಅಲ್ಲಾಡುತ್ತದೆ. ಅಂಟು ತುಂಬಿಕೊಳ್ಳುತ್ತದೆ ಎಂದು ಬಿಡುವ ಹಾಗಿಲ್ಲ. ಬಿಳಿ ಅಂಟು ಹಿಡಿಯಬೇಕಾದರೆ ಎರಡು ಮೈಗಳೂ ಒತ್ತಿಕೊಂಡಿರಬೇಕು, ತೆರಪಿನಲ್ಲಿ ಅದಕ್ಕೆ ಬಲವಿಲ್ಲ. ಉಳಿಯದೂ ಇದೇ ಕಥೆ: ಹೊಸ ‘ನಾಲ್ಕು ನೂಲಿನ ಉಳಿ’ಯ ಬೆನ್ನು ತಿರುಗಿಸಿ ನೋಡಿದರೆ ಬಹುಪಾಲು 12 ಮಿ.ಮೀ. ಎಂದೇ ಬರೆದಿರುತ್ತದೆ. ಅದರಲ್ಲಿ ತೂತು ಕೊರೆದು, ಒಳಗೆ ಕೂರುವ ನಾಲಿಗೆಯನ್ನು ಅರ್ಧ ಇಂಚಿಗೆ ಗೀಚಿದರೆ ನಾಲಿಗೆ ತೂತಿಗೆ ಇಳಿಯುವುದಿಲ್ಲ. ಬಡಿದು ಇಳಿಸಿದರೆ ಮರ ಸೀಳುತ್ತದೆ. ಉಳಿಯನ್ನೇ ಮರದ ಮೇಲಿಟ್ಟು ಅದರ ಎರಡು ಅಂಚಿಗೆ ಗೀರು ಹಾಕುವುದು, ಪ್ಲೈವುಡ್ಡಿನ ತುಂಡನ್ನೇ ಇಟ್ಟು ಜಾಡಿಗೆ ಗುರುತು ಮಾಡುವುದು, ಇದೇ ಸರಿಯಾದ ದಾರಿ.

ಕುಯ್ಯಿಸಿದ ಮರದಲ್ಲಿ ಮಾತ್ರ ನೂಲು ಈಗಲೂ ನಿಜವಾದ ಅಳತೆ, ಹಣ ಪೋಲಾಗುವುದೂ ಅಲ್ಲೇ. ಸಾಮಿಲ್ಲಿನಲ್ಲಿ ‘ಒಂದಿಂಚು ಹಲಗೆ’ ಎಂದರೆ ಗರಗಸದಿಂದ ಬಂದ ಒರಟು ಹಲಗೆ. ಎರಡೂ ಮೈ ಕೀಸಿದರೆ ಮೈಗೆ ಒಂದೊಂದು ನೂಲಿನಂತೆ ಹೋಗಿ ಕೈಗೆ ಆರು ನೂಲು ಸಿಗುತ್ತದೆ. ಬೆಲೆ ಕಟ್ಟುವುದು ಒರಟು ಅಳತೆಗೆ. ಲೆಕ್ಕ ಹೀಗೆ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂಗಡಿಯ ಮಾತಿನಲ್ಲಿ ಸಿಎಫ್‌ಟಿ. ಮೂರು ಅಡಿ ಉದ್ದ, ಎಂಟಿಂಚು ಅಗಲ, ಒಂದಿಂಚು ದಪ್ಪದ ನಾಲ್ಕು ಹಲಗೆಗೆ 96ನ್ನು 144ರಿಂದ ಭಾಗಿಸಿ 0.67 ಘನ ಅಡಿ. ಕೀಸಿದ ಮೇಲೆ ಉಳಿಯುವುದು ಅರ್ಧ ಘನ ಅಡಿ. ಕಾಲು ಪಾಲು ದುಡ್ಡು ಹೊಟ್ಟಾಗಿ ಹೋಯಿತು. ಆದ್ದರಿಂದ ಹೊರಗೆ ಕಾಣದ ಮೈಯನ್ನು, ಉದಾಹರಣೆಗೆ ಗೋಡೆಗೆ ಒರಗುವ ಬೆನ್ನನ್ನು, ಒರಟಾಗಿಯೇ ಬಿಡಬಹುದಾದರೆ ‘ಏಳು ನೂಲಿಗೆ ಕುಯ್ದು ಕೊಡಿ, ಒಂದೇ ಮೈ ಕೀಸುತ್ತೇವೆ’ ಎಂದು ಬಾಯಿಬಿಟ್ಟು ಕೇಳಬೇಕು.

ಊರಿನಲ್ಲಿ ಹಲಸಿನ ದಿಮ್ಮಿ ಕೊಳ್ಳುವವರಿಗೆ ಇನ್ನೊಂದು ಮಾತು. ದಿಮ್ಮಿಯ ಘನ ಅಡಿ ಬೇರೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 48 ಇಂಚು ಸುತ್ತಳತೆ, ಆರಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 6 ಘನ ಅಡಿ. ದುಂಡಗಿನ ನಿಜ ಗಾತ್ರ 7.6. ಆ ವ್ಯತ್ಯಾಸ ತೊಗಟೆಗೆ, ಹೊರಮೈಯ ಸೀಳಿಗೆ ಬಿಟ್ಟಿದ್ದು. ಮೋಸವೇನಲ್ಲ, ಆದರೆ ದಿಮ್ಮಿಯ ದರವನ್ನು ಹಲಗೆಯ ದರದ ಪಕ್ಕ ಇಟ್ಟು ಅಗ್ಗ ಎನ್ನಬಾರದು. ಗರಗಸ ತಿನ್ನುವ ಮರ ಕುಯ್ತಕ್ಕೊಮ್ಮೆ ಹೆಚ್ಚೂಕಡಿಮೆ ಒಂದು ನೂಲು. ಅದನ್ನೂ ಕಳೆಯಬೇಕು, ಕುಯ್ಯುವ ಕೂಲಿಯನ್ನೂ ಕೂಡಿಸಬೇಕು.

ಉತ್ತರ 2

ನೂಲಿನ ವಿಷಯ ಮೇಲೆ ಪೂರ್ತಿ ಬಂದಿದೆ. ಉಳಿದದ್ದಕ್ಕೆ ನನ್ನ ತಿಳಿವಳಿಕೆ:

ಕೀಸುಳಿ, ತೋಪಡ, ಹತ್ತರಿ, ರಂದಾ ನಾಲ್ಕೂ ಒಂದೇ ಹತಾರ, ಮರದ ಮೈ ಹೆರೆದು ನಯ ಮಾಡುವಂಥದ್ದು. ತೋಪಡ ಹಳೇ ಮೈಸೂರು ಕಡೆ ಕಿವಿಗೆ ಬೀಳುತ್ತದೆ, ತೆಲುಗಿನಲ್ಲೂ ಅದು ಇದೆ. ರಂದಾ ಉರ್ದು, ಹಿಂದಿ, ಮರಾಠಿ ಮಾತಾಡುವ ಕೆಲಸಗಾರರಿರುವ ಕಡೆಯೆಲ್ಲ ನಡೆಯುತ್ತದೆ. ಕೈಪಿಡಿಗೆ ನಾನು ಆರಿಸುವುದು ಕೀಸುಳಿಯನ್ನೇ. ಕೀಸು ಮತ್ತು ಉಳಿ ಸೇರಿ ಕೀಸುಳಿ. ತಮಿಳಿನ ‘ಇಳೈಪ್ಪುಳಿ’ಯ ಕೊನೆಯಲ್ಲೂ ಇದೇ ಉಳಿ ಇದೆ. ಮರದ ಗೂಡಿನಲ್ಲಿ ಓರೆಯಾಗಿ ಬಿಗಿದಿಟ್ಟ ಉಳಿ ಅದು, ಅಷ್ಟೇ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವವರು ನೋಡಬೇಕಾದ್ದೂ ಆ ಉಳಿಯನ್ನು, ಅಂದರೆ ಅಲಗನ್ನು. ಗೂಡು ಬಣ್ಣಗೆಟ್ಟಿದ್ದರೆ ಚಿಂತೆಯಿಲ್ಲ. ಅಲಗನ್ನು ಬಿಚ್ಚಿಸಿ, ಚಪ್ಪಟೆ ಮೈಯ ತುದಿಯನ್ನು ಬೆಳಕಿಗೆ ಹಿಡಿಯಬೇಕು. ಅಲ್ಲಿ ತುಕ್ಕು ತಿಂದ ಗುಳಿಗಳಿದ್ದರೆ ಅಂಚು ಎಂದಿಗೂ ನೇರವಾಗುವುದಿಲ್ಲ, ಬಿಡುವುದೇ ಮೇಲು. ಮೇಲ್ಮೇಲಿನ ಕೆಂಪು ತುಕ್ಕು ಉಜ್ಜಿದರೆ ಹೋಗುತ್ತದೆ. ಆಮೇಲೆ ಗೂಡಿನ ಬಾಯಿ: ಅಲಗಿನ ಮುಂದೆ ತೆರಪು ಅರ್ಧ ನೂಲಿಗಿಂತ ಹೆಚ್ಚಿದ್ದರೆ ನಯಗೆಲಸದಲ್ಲಿ ನಾರು ಎದ್ದು ಬರುತ್ತದೆ.

ಇಲ್ಲಿ ಎರಡು ಕ್ರಿಯಾಪದಗಳನ್ನು ಬೇರೆಯಾಗಿ ಇಟ್ಟುಕೊಂಡರೆ ಓದುಗರಿಗೆ ತುಂಬ ಉಪಕಾರ. ‘ಸಾಣೆ ಹಿಡಿಸು’ ಎಂದರೆ ತಿರುಗುವ ಚಕ್ರಕ್ಕೆ ಒಡ್ಡುವುದು, ‘ಮಸೆ’ ಎಂದರೆ ಚಪ್ಪಟೆ ಕಲ್ಲಿನ ಮೇಲೆ ಕೈಯಲ್ಲಿ ಉಜ್ಜುವುದು. ಆಡುಮಾತಿನಲ್ಲಿ ಎರಡೂ ಕಲಸಿಹೋಗಿವೆ. ಚಕ್ರದ ಕಾವಿಗೆ ಅಲಗಿನ ತುದಿ ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತು. ಆ ನೀಲಿಯಷ್ಟನ್ನೂ ಸವೆಸಿ ತೆಗೆಯುವವರೆಗೆ ಅಂಚು ನಿಲ್ಲುವುದಿಲ್ಲ. ಒಡೆದ ಅಲಗಿಗೆ ಮಾತ್ರ ಸಾಣೆ, ಅದೂ ಆಗಾಗ ನೀರಿನಲ್ಲಿ ಅದ್ದುತ್ತ. ದಿನದ ಕೆಲಸಕ್ಕೆ ಮಸೆಯುವುದೇ. ಕಲ್ಲಿಗೆ ದುಡ್ಡಿಲ್ಲದಿದ್ದರೆ ದಪ್ಪ ಗಾಜಿನ ತುಂಡಿನ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಅಂಟಿಸಿ, 220, 400, 1000 ನಂಬರುಗಳಲ್ಲಿ ಕ್ರಮವಾಗಿ ಉಜ್ಜಿದರೆ ಸಾಕು. ಅಲಗಿನ ತುದಿಯ ಇಳಿಜಾರು ಮೈ, ಅಂದರೆ ಓರೆ, ಸರಿಯಿದೆಯೇ ಎಂದು ನೋಡಲು ಕೋನಮಾಪಕ ಬೇಡ: ಓರೆಯ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ. ಒಂದು ನೂಲು ದಪ್ಪದ ಅಲಗಿಗೆ ಎರಡು ನೂಲು ಓರೆ.

ಚೇಗು ಎಂದರೆ ಮರದ ಒಳಗಿನ ಬಲಿತ, ಬಣ್ಣಗಟ್ಟಿದ ಭಾಗ. ಸುತ್ತಲಿನ ಬಿಳಿಭಾಗದಲ್ಲಿ ಪಿಷ್ಟ ಇರುವುದರಿಂದ ಕುಟ್ಟೆ ಹುಳು ಹೊಗುವುದು ಅಲ್ಲಿಗೆ. ತೇಗ, ಹೊನ್ನೆ, ಹಲಸಿನಲ್ಲಿ ಗೆರೆ ಎಳೆದಂತೆ ಎರಡೂ ಬೇರೆ ಕಾಣುತ್ತವೆ. ಅಗ್ಗದ ತೇಗ ಎಂದು ಕೊಟ್ಟ ಹಲಗೆಯ ತಲೆಕಡೆ ನೋಡಿ, ಒಂದು ಅಂಚು ಬಿಳಿಚಿದ್ದರೆ ಎಷ್ಟು ನೂಲು ಬಿಳಿಯೆಂದು ಅಳೆದು, ಅಷ್ಟನ್ನು ಅಗಲದಲ್ಲಿ ಕಳೆದು ಬೆಲೆ ಕೇಳುವುದು ನ್ಯಾಯ. ‘ಜಂಗಲ್ ವುಡ್’, ‘ಕಾಡುಮರ’ ಎಂಬ ಮಾತುಗಳಿಗೆ ಯಾವ ಜಾತಿಯ ಮರವೆಂಬ ಅರ್ಥವೇ ಇಲ್ಲ. ಮತ್ತಿಯೋ ನಂದಿಯೋ ಎಂದು ಕೇಳಿಯೇ ಬರೆಸಿಕೊಳ್ಳಬೇಕು.

ಹಳೇ ಮನೆ ಕೆಡವಿದ ಮರ ಒಣಗಿರುತ್ತದೆ, ದರವೂ ಕಡಿಮೆ. ಕೀಸುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಬೇಕು. ಮುರಿದು ಒಳಗೇ ಉಳಿದ ಒಂದು ಮೊಳೆ ಸಾಕು, ಮಸೆದ ಅಲಗು ಮತ್ತೆ ಸಾಣೆಗೆ ಹೋಗುತ್ತದೆ.

ಉತ್ತರ 1ರ ಸೇರ್ಪಡೆ

ಒಂದು ಮಾತು ಬಿಟ್ಟಿತ್ತು. ಹಸಿಮರವನ್ನು ನೂಲಿನ ಅಳತೆಗೆ ಕುಯ್ಯಿಸಿ ಪ್ರಯೋಜನವಿಲ್ಲ. ಎಂಟಿಂಚಿನ ಹಸಿ ಹಲಗೆ ಒಣಗುವಾಗ ಅಗಲದಲ್ಲಿ ಎರಡು ಮೂರು ನೂಲು ಎಳೆದುಕೊಳ್ಳುವುದು ಸಾಮಾನ್ಯ. ಉದ್ದದಲ್ಲಿ ಕುಗ್ಗುವುದು ತೀರ ಅತ್ಯಲ್ಪ. ಕೈಪಿಡಿಯಲ್ಲಿ ‘ಒಂದಿಂಚು’ ಎಂದು ಬರೆಯುವ ಕಡೆಯೆಲ್ಲ ‘ಒಣಮರ, ಕೀಸುವ ಮೊದಲು’ ಅಥವಾ ‘ಕೀಸಿದ ಮೇಲೆ’ ಎಂದು ಸೇರಿಸಿ. ಪ್ಲೈವುಡ್ ಮತ್ತು ಉಳಿಗೆ ಮಿಲಿಮೀಟರನ್ನೇ ಬರೆದು, ಪಕ್ಕದಲ್ಲಿ ‘ಅಂಗಡಿಯಲ್ಲಿ ಆರು ನೂಲು ಎನ್ನುತ್ತಾರೆ’ ಎಂದು ತಿಳಿಸಿದರೆ ಸಾಕು.